ಭಯಕ್ಕೆಷ್ಟು ಹೆಂಚು?

ಟೇಪು ಬರಲೊಲ್ಲದು!

ಅವಳು ಇನ್ನೊಮ್ಮೆ ಜಗ್ಗಿದಳು. ಊಹೂಂ... ಛಾವಣಿಯ ನೆತ್ತಿಯಾಚೆ, ಆ ಕಡೆಯ ಇಳಿಜಾರಿನಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಒಡೆದ ಹೆಂಚಿನ ಸಂದಿಗೆ ಸಿಕ್ಕಿರಬೇಕು ಎಂದುಕೊಂಡು ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆದಳು.

ಈ ಸಲ ಆ ಕಡೆಯಿಂದ ಯಾರೋ ಎಳೆದರು!

"ಅಯ್ಯೋ!"

"ನಿಧಾನ, ನಿಧಾನ! ಹಂಗೆ ಜಗ್ಗಿದ್ರೆ ಇಬ್ರೂ ಕೆಳಗೆ ಹೋಗ್ತೀವಿ."

ನೆತ್ತಿಯಾಚೆಯಿಂದ ಮೊದಲು ಕೆದರಿದ ಕೂದಲು ಕಾಣಿಸಿತು. ಆಮೇಲೆ ಹಣೆ. ಆಮೇಲೆ ನಗುವುದೋ ಬೇಡವೋ ಎಂದು ಯೋಚಿಸುತ್ತಿದ್ದ ಎರಡು ಕಣ್ಣು. ಅವನ ಬೆರಳಿನಲ್ಲಿ ಅವಳ ಟೇಪಿನ ತುದಿ ಇತ್ತು.

"ಯಾರ್ರೀ ನೀವು? ನನ್ನ ಟೇಪು ಬಿಡ್ರೀ!"

"ಬಿಟ್ರೆ ನೀವು ಆ ಕಡೆ ಬೀಳ್ತೀರ."

ಅವಳು ತನ್ನ ಕಾಲ ಕಡೆ ನೋಡಿಕೊಂಡಳು. ಎದೆ ಧಸಕ್ಕೆಂದಿತು. ಅವನು ಹೇಳಿದ್ದು ನಿಜವೇ. ಅವಳೀಗ ನಿಂತಿದ್ದೇ ಆ ಟೇಪಿನ ಆಸರೆಯಲ್ಲಿ.

"ಮೊದ್ಲು ಕೂತ್ಕೊಳ್ಳಿ. ಆಮೇಲೆ ಬಿಡ್ತೀನಿ. ಆಮೇಲೆ ಎಷ್ಟು ಬೇಕಾದ್ರೂ ಬೈರಿ," ಎಂದ.

ಅವಳು ಕುಳಿತಳು. ಅವನು ಬಿಟ್ಟ. ಅವಳು ಬೈದಳು! ಹೇಳದೆ ಕೇಳದೆ ಇನ್ನೊಬ್ಬರ ಟೇಪಿಗೆ ಕೈ ಹಾಕುವುದು ಯಾವ ಊರಿನ ಮರ್ಯಾದೆ, ಕೆಳಗಿನಿಂದ ಒಂದು ಕೂಗು ಹಾಕಿ ಹತ್ತಬಾರದಾ, ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುವುದಾ... ಅವನು ಹೊಗಳಿಕೆ ಕೇಳುವವನಂತೆ ತಲೆ ಆಡಿಸುತ್ತ ಕುಳಿತಿದ್ದ.

ಅಂಗಳದಿಂದ ಮನೆಯೊಡತಿ ಟೀಚರಮ್ಮ ಕೊಡೆ ಎತ್ತಿ ಕೂಗಿದರು. "ಬೈಬೇಡ ಕಣಮ್ಮಾ! ಅವನೇ ನಮ್ಮ ಹೆಂಚು ಹೊದಿಸೋ ಮೇಸ್ತ್ರಿ! ಎಲ್ರೂ ಒಂಟೆ ಅಂತಾರೆ, ಒಳ್ಳೇ ಹುಡುಗ!"

ಒಂಟೆ! ಅವಳಿಗೆ ಕೋಪದ ನಡುವೆಯೂ ನಗು ಒತ್ತರಿಸಿ ಬಂತು. ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದರು. ಎದ್ದು ನಿಂತರೆ ಆ ಮನುಷ್ಯನ ಎತ್ತರ ಮುಗಿಯುವಂತೆಯೇ ಇರಲಿಲ್ಲ.

*

ಅವಳು ಹೆಂಚಿನಂಗಡಿಯ ಮಗಳು. ಯಾರ ಮನೆಗೆ ಛಾವಣಿ ಆಗಬೇಕಿದ್ದರೂ ಅಂಗಡಿಯವರೇ ಹೋಗಿ ಅಳೆದು, ಎಷ್ಟು ಹೆಂಚು, ಅದನ್ನು ಕೂರಿಸುವ ಮರದ ರೀಪು ಎಷ್ಟು, ನೆತ್ತಿಗೆ ಎಷ್ಟು ಎಂದು ಅಂದಾಜು ಹಾಕಿ ಕೊಡುವುದು ಅವಳ ಅಪ್ಪನ ಕಾಲದಿಂದ ಬಂದ ಪದ್ಧತಿ.

ಜಗಲಿಯಲ್ಲಿ ಕುಳಿತು ಅವಳು ಕೂಡಿಸಿ ಮುಗಿಸಿದ ಮೊತ್ತವನ್ನು ಅವನು ಬಗ್ಗಿ ನೋಡಿದ. ಹುಬ್ಬು ಮೇಲೇರಿತು.

"ಇದು ಒಂದು ಮನೆಗಾ, ಇಡೀ ಬೀದಿಗಾ?"

"ತಮಾಷೆನಾ? ಒಂದರ ಮೇಲೊಂದು ಹೊದಿಸೋದಕ್ಕೆ ಇಷ್ಟು. ಲಾರಿಯಲ್ಲಿ ಒಡೆಯೋದಕ್ಕೆ ಇಷ್ಟು. ಮೂಲೆಯಲ್ಲಿ ಕತ್ತರಿಸೋದಕ್ಕೆ ಇಷ್ಟು."

"ಸರಿ. ಉಳಿದಿದ್ದು?"

"ಉಳಿದಿದ್ದು ಅಂದ್ರೆ?"

"ಇದೆಲ್ಲ ಆದ್ಮೇಲೂ ಒಂದು ರಾಶಿ ಮಿಕ್ಕಿದೆಯಲ್ಲ... ಅದು ಯಾವುದಕ್ಕೆ?"

ಅವಳು ಏನಾದರೂ ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಆದರೆ ಬೆಳಗಿನಿಂದ ಬಿಸಿಲಲ್ಲಿ ಬೆಂದಿದ್ದಳು. ಜೀವ ಬಾಯಿಗೆ ಬಂದು ಹೋಗಿತ್ತು. ನಿಜ ತಾನಾಗಿಯೇ ಹೊರಬಿತ್ತು.

"ಭಯಕ್ಕೆ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಈಗ ನಗುತ್ತಾನೆ, ನಾಳೆ ಊರಿಗೆಲ್ಲ ಹೇಳಿ ನಗಿಸುತ್ತಾನೆ...

ಅವನು ನಗಲಿಲ್ಲ. ಒಂದು ಕ್ಷಣ ಅವಳ ಮುಖವನ್ನೇ ನೋಡಿದ.

"ಯಾವ ಭಯ?" ಎಂದು ಮೆಲ್ಲನೆ ಕೇಳಿದ.

"ನಿಮಗ್ಯಾಕೆ ಅದು?"

ಅವಳು ಹೇಳಲಿಲ್ಲ. ನಾವು ಹೇಳೋಣ.

ಮೂರು ವರ್ಷದ ಹಿಂದೆ ಅಪ್ಪ ಏಣಿಯಿಂದ ಜಾರಿ ಮಂಡಿ ಮುರಿದುಕೊಂಡಾಗ, ಅವಳು ಮೊದಲ ಸಲ ಒಬ್ಬಳೇ ಅಂದಾಜು ಹಾಕಿದ್ದು ಮಾರುಕಟ್ಟೆಯ ಹಿಂದಿನ ಬೀದಿಯ ಕೊನೆಯ ಪುಟ್ಟ ಮನೆಗೆ. ಆ ಮನೆಗೆ ಎರಡು ಇಳಿಜಾರುಗಳು ಬಂದು ಸೇರುವ ಒಂದು ಮೂಲೆ ಇತ್ತು. ಅಂಥ ಮೂಲೆಯಲ್ಲಿ ಹೆಂಚನ್ನು ಓರೆಯಾಗಿ ಕತ್ತರಿಸಬೇಕು. ಕತ್ತರಿಸಿದ ತುಂಡು ಬಹಳ ಸಲ ಬೇರೆಲ್ಲೂ ಕೂರುವುದಿಲ್ಲ. ಅವಳು ಅದನ್ನು ಮರೆತು, ಮೂಲೆಯನ್ನೂ ಸಪಾಟು ಜಾಗದಂತೆಯೇ ಲೆಕ್ಕ ಹಿಡಿದಿದ್ದಳು.

ಹೆಂಚು ಕಮ್ಮಿ ಬಿತ್ತು. ಮತ್ತೆ ತರಿಸುವ ಹೊತ್ತಿಗೆ ಕಾರ್ಖಾನೆಯಲ್ಲಿ ಬೇರೆ ಮಣ್ಣು ಬಂದಿತ್ತು. ಹೊಸ ಹೆಂಚು ಸುಟ್ಟು ಬಂದದ್ದು ಪೇಲವ ಬಣ್ಣದಲ್ಲಿ. ಕಡುಗೆಂಪು ಛಾವಣಿಯ ಮುಂಭಾಗದಲ್ಲೇ, ಬೀದಿಗೆಲ್ಲ ಕಾಣುವ ಹಾಗೆ, ಬಿಳಿಚಿಕೊಂಡ ಒಂದು ತೇಪೆ!

ಆ ಮನೆಯ ಅಮ್ಮ ತಲೆ ವಾಲಿಸಿ ಮೇಲೆ ನೋಡಿದರು. "ಆಯ್ತು ಬಿಡು ಮಗಳೇ," ಎಂದಷ್ಟೇ ಅಂದು ಒಳಗೆ ಹೋದರು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ಆ ಮನೆಗೆ ತೇಪೆ ಮನೆ ಎಂಬ ಹೆಸರೇ ಬಿದ್ದುಹೋಯಿತು. ಅವಳು ಆ ಬೀದಿ ತುಳಿದಿಲ್ಲ. ಮಾರುಕಟ್ಟೆಗೆ ಹೋಗಬೇಕಾದರೆ ಊರೆಲ್ಲ ಸುತ್ತಿಕೊಂಡು ಹೋಗುತ್ತಾಳೆ.

ಅಲ್ಲಿಂದಾಚೆಗೆ ಅವಳ ಪ್ರತಿ ಲೆಕ್ಕವನ್ನೂ ಅಪ್ಪ ತಿದ್ದುತ್ತಿದ್ದರು. ಟೀಚರಮ್ಮನ ಮನೆಗೆ ಮಾತ್ರ, ಇಷ್ಟು ವರ್ಷಗಳ ಮೇಲೆ, ಪೂರಾ ಅವಳ ಕೈಗೇ ಬಿಟ್ಟಿದ್ದರು. "ಕಮ್ಮಿ ಬಿದ್ರೂ ತಪ್ಪು, ರಾಶಿ ಮಿಕ್ಕಿದ್ರೂ ತಪ್ಪು. ಸರಿಹೋದ್ರೆ ನನ್ನ ಟೇಪು ಇನ್ಮೇಲೆ ನಿಂದು. ಇಲ್ದಿದ್ರೆ ನಿನ್ನ ಭಾವನಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬಾರ್ದು ಪುಟ್ಟೀ," ಎಂದಿದ್ದರು.

ಭಾವನಿಗೆ! ಛಾವಣಿಯ ಹೆಂಚಿಗೂ ನೆಲಕ್ಕೆ ಹಾಸುವ ಟೈಲ್ಸಿಗೂ ವ್ಯತ್ಯಾಸ ತಿಳಿಯದ ಭಾವನಿಗೆ! ಮತ್ತು ಟೀಚರಮ್ಮನ ಮನೆಯಲ್ಲಿ ಅಂಥದೇ ಒಂದು ಹಾಳು ಮೂಲೆ ಇತ್ತು.

*

ಮರುದಿನ ಅವಳು ಬಂದಾಗ ಒಂಟೆ ಮೇಸ್ತ್ರಿ ಅಂಗಳದಲ್ಲಿ ಮಂಡಿಯೂರಿ ಗೆರೆ ಎಳೆಯುತ್ತಿದ್ದ. ಕೈಯಲ್ಲಿ ಟೀಚರಮ್ಮನ ಹಳೆಯ ಸೀಮೆಸುಣ್ಣದ ಡಬ್ಬಿ.

"ಏನಿದು?"

"ನಿಮ್ಮ ಮೂಲೆ. ಮೇಲಿರೋದನ್ನ ಇದ್ದ ಅಳತೆಗೇ ಕೆಳಗೆ ಇಳಿಸ್ತಿದೀನಿ. ಹಳೇ ಹೆಂಚು ಜೋಡಿಸಿ ನೋಡೋಣ. ಎಷ್ಟು ತುಂಡಾಗುತ್ತೆ, ಎಷ್ಟು ಉಳಿಯುತ್ತೆ ಅಂತ ಕಣ್ಣಲ್ಲೇ ನೋಡಿದ್ರೆ ಭಯ ಎಲ್ಲಿರುತ್ತೆ?"

"ನಾನು ಭಯ ಅಂದಿದ್ದು ಬಾಯಿತಪ್ಪಿ!"

"ಗೊತ್ತು. ಅದಕ್ಕೇ ನಿಜ ಅನ್ನಿಸ್ತು."

ಅವಳು ಮುಖ ಊದಿಸಿಕೊಂಡೇ ಸೆರಗು ಸಿಕ್ಕಿಸಿದಳು. ಇನ್ನೊಂದು ಸೀಮೆಸುಣ್ಣ ಎತ್ತಿಕೊಂಡಳು.

ಕುರ್ಚಿ ಹಾಕಿಸಿಕೊಂಡು ಕುಳಿತ ಟೀಚರಮ್ಮನಿಗೆ ಕಳೆದುಹೋದ ನೌಕರಿ ಮರಳಿ ಸಿಕ್ಕಿದಷ್ಟು ಸಂತೋಷ. "ಆ ಗೆರೆ ಸೊಟ್ಟ! ಅಳಿಸು! ಇಬ್ಬರೂ ಮಾತಾಡಬೇಡಿ, ಕೆಲಸ ಮಾಡಿ!"

ಇಬ್ಬರೂ ನಕ್ಕರು. ಒಬ್ಬರು ಎಡಗಡೆಯ ಇಳಿಜಾರು, ಒಬ್ಬರು ಬಲಗಡೆಯದು. ಸಾಲು ಸಾಲಾಗಿ ಹೆಂಚಿಡುತ್ತ ಮೂಲೆಯ ಗೆರೆಯ ಕಡೆಗೆ ಬಂದರು. ಗೆರೆ ದಾಟಿದ ಹೆಂಚಿಗೆಲ್ಲ ಅವಳು ಗುರುತು ಹಾಕಿದಳು. ಎಡಗಡೆ ಕತ್ತರಿಸಿದ ಕೆಲವು ತುಂಡುಗಳು ತಿರುಗಿಸಿದರೆ ಬಲಗಡೆ ಕೂರುತ್ತವೆ ಎಂದು ಅವಳೇ ಕಂಡುಹಿಡಿದಳು!

"ಅರೆ! ನನಗಿದು ಹೊಳೆದಿರ್ಲಿಲ್ಲ," ಎಂದ ಅವನು, ಮುಖವರಳಿಸಿ.

ಕೊನೆಯ ಹೆಂಚಿಗೆ ಇಬ್ಬರೂ ಒಟ್ಟಿಗೆ ಕೈ ಹಾಕಿದರು. ಬೆರಳಿಗೆ ಬೆರಳು ತಾಗಿತು. ಅವಳು ಕೈ ತೆಗೆಯಬೇಕಿತ್ತು... ಸ್ವಲ್ಪ ತಡವಾಗಿ ತೆಗೆದಳು.

'ಇದೇನಿದು? ಯಾರ ಮುಂದೆ ಲೆಕ್ಕ ಹಾಕಿದರೂ ಮತ್ತೆ ಮತ್ತೆ ಎಣಿಸ್ತೀನಿ. ಇವನ ಮುಂದೆ ಯಾಕೆ ಒಂದೇ ಸಲ ಸಾಕಾಯ್ತು?'

ಆ ಸಂಜೆ ಅವಳು ಭಯದ ರಾಶಿಯನ್ನು ಪೂರ್ತಿ ಕಳೆದು ಕಾರ್ಖಾನೆಗೆ ಬೇಡಿಕೆ ಕಳಿಸಿದಳು.

*

ಹೆಂಚು ಬರುವವರೆಗೆ ಮೇಸ್ತ್ರಿಗೆ ಅಂಗಡಿಯಲ್ಲಿ ಏನು ಕೆಲಸ? ಏನೂ ಇಲ್ಲ. ಆದರೂ ಬಂದ. ಮೊಳೆ ಬೇಕು ಎಂದ. ಮರುದಿನ ಬಂದು ಆ ಮೊಳೆ ಗಿಡ್ಡವಾಯಿತು ಎಂದ. ಅದರ ಮರುದಿನ ಉದ್ದವಾಯಿತು ಎಂದ.

ಒಳಗೆ ಕಾಲು ಚಾಚಿ ಮಲಗಿದ್ದ ಅಪ್ಪ ಗೊಣಗಿದರು. "ಆ ಒಂಟೆ ಏನು ಮೊಳೆ ತಿಂದೇ ಬದುಕ್ತಾನೇನೇ?"

ಅವಳಿಗೆ ಕೆನ್ನೆ ಬಿಸಿಯಾಯಿತು. ಅವನು ಬರುವ ಹೊತ್ತಿಗೆ ಕನ್ನಡಿಯ ಮುಂದೆ ಹಾದುಹೋಗುವ ನೆಪ ಅವಳಿಗೂ ದಿನಾ ಸಿಗುತ್ತಿತ್ತು, ಸುಳ್ಳೇಕೆ?

ಒಂದು ಬೆಳಿಗ್ಗೆ ಅಪ್ಪನೇ ಕೋಲೂರಿಕೊಂಡು ಹೊರಗೆ ಬಂದರು. ಅವನನ್ನು ಮೇಲಿಂದ ಕೆಳಗೆ ನೋಡಿದರು. ಅದಕ್ಕೇ ತುಸು ಹೊತ್ತು ಹಿಡಿಯಿತು.

"ಎಲ್ಲಿ ಮನೆ ನಿಂದು? ಯಾರ ಮಗ?"

ಅವನು ಒಮ್ಮೆ ಅವಳ ಕಡೆ ನೋಡಿದ. "ಮಾರುಕಟ್ಟೆ ಹಿಂದಿನ ಬೀದಿ... ಕೊನೆ ಮನೆ."

"ಓಹೋ! ನಮ್ಮ ತೇಪೆ ಮನೆ ಹುಡುಗನಾ ನೀನು! ಆಗ ಬೇರೆ ಊರಲ್ಲಿ ಕೆಲಸಕ್ಕಿದ್ದೆ ಅಲ್ವಾ? ನಿಮ್ಮಮ್ಮ ಹೇಗಿದಾರಪ್ಪ?"

ತಕ್ಕಡಿಯ ತಟ್ಟೆ ಅವಳ ಕೈಯಿಂದ ಜಾರಿತು. ಮೊಳೆಗಳೆಲ್ಲ ನೆಲದ ತುಂಬ ಚೆಲ್ಲಾಪಿಲ್ಲಿಯಾದವು.

ಅವಳು ಹೊರಗೆ ನಡೆದಳು. ಅವನು ಹಿಂದೆಯೇ ಬಂದ.

"ಗೊತ್ತಿತ್ತಾ ನಿಮಗೆ? ಆ ತೇಪೆ ನಂದೇ ಅಂತ?"

"ಗೊತ್ತಿತ್ತು."

"ಮೊದಲ ದಿನದಿಂದ?"

"ಟೇಪು ಹಿಡಿಯೋದಕ್ಕಿಂತ ಮುಂಚಿನಿಂದ."

ಸುಳ್ಳು ಹೇಳಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ! ಅವಳ ಕಣ್ಣು ತುಂಬಿತು.

"ಹಾಗಾದ್ರೆ ಆ ಗೆರೆ, ಆ ಹೆಂಚು ಜೋಡಿಸಿದ್ದು... ಎಲ್ಲ ಪರೀಕ್ಷೆ! ಇವಳಿಗೆ ಈಗಲಾದ್ರೂ ಮೂಲೆ ಲೆಕ್ಕ ಬರುತ್ತಾ ಅಂತ!"

"ಹಂಗಲ್ಲ. ನೀವು ನಮ್ಮ ಬೀದಿಗೇ ಬರಲ್ಲ ಅಂತ ಗೊತ್ತಿತ್ತು. ಯಾರು ಅಂತ ಹೇಳಿದ್ರೆ ನನ್ನನ್ನೂ ಸುತ್ತಿಕೊಂಡು ಹೋಗ್ತೀರೇನೋ ಅಂತ ಹೆದರಿದೆ."

"ದಿನಾ ನನ್ನ ತಪ್ಪಿನ ಕೆಳಗೇ ಮಲಗಿ ಎದ್ದು ಬರ್ತಿದ್ರಿ! ಬಂದು ನನ್ನನ್ನೇ ಕೇಳಿದ್ರಿ, ಯಾವ ಭಯ ಅಂತ!"

ಅವನ ಮುಖ ಬಾಡಿತು. "ತಪ್ಪು ನಂದೇ. ಒಂದೇ ಒಂದ್ಸಲ ಮನೆಗೆ ಬನ್ನಿ. ಅಮ್ಮನ ಹತ್ರ ಮಾತಾಡಿ."

"ಅವರ ಕೈಲಿ ಬೈಸ್ಕೊಳ್ಳೋಕಾ?"

ಅವಳು ತಿರುಗಿ ನೋಡದೆ ಒಳಗೆ ಹೋದಳು. ಅವನು ಬಾಗಿಲಲ್ಲಿ ಬಗ್ಗಿ ಕುಳಿತು ಚೆಲ್ಲಿದ ಮೊಳೆಗಳನ್ನೆಲ್ಲ ಆರಿಸಿ, ತಟ್ಟೆಗೆ ಹಾಕಿಟ್ಟು ಹೊರಟ.

*

ನಾಳೆ ಕಾರ್ಖಾನೆಯಲ್ಲಿ ಲಾರಿ ತುಂಬುತ್ತಾರೆ. ಅವಳು ಫೋನು ಕೈಗೆತ್ತಿಕೊಂಡಳು. ಒಂದು ಮಾತು ಹೇಳಿದರೆ ಸಾಕು, ಕಳೆದಿದ್ದ ಭಯದ ರಾಶಿ ಮತ್ತೆ ಲಾರಿ ಹತ್ತುತ್ತದೆ. ಅವನು ನಗುವುದಕ್ಕೆಂದೇ ಲೆಕ್ಕ ಹಾಕಿಸಿದ್ದರೆ? ಆ ಲೆಕ್ಕವೇ ತಪ್ಪಿದ್ದರೆ? ಮತ್ತೊಂದು ತೇಪೆ! ಭಾವನ ಕೈಯಲ್ಲಿ ಟೇಪು!

ಫೋನು ಇಟ್ಟು ಟೀಚರಮ್ಮನ ಮನೆಗೆ ಓಡಿದಳು.

ಅಂಗಳದಲ್ಲಿ ಸೀಮೆಸುಣ್ಣದ ಗೆರೆಗಳೂ ಜೋಡಿಸಿದ ಹಳೇ ಹೆಂಚುಗಳೂ ಹಾಗೆಯೇ ಇದ್ದವು. ಯಾರೂ ತುಳಿಯದಂತೆ ಟೀಚರಮ್ಮ ಸುತ್ತ ಕಲ್ಲಿಟ್ಟಿದ್ದರು. ಅವಳು ಒಬ್ಬಳೇ ಮಂಡಿಯೂರಿ ಮತ್ತೆ ಮೊದಲಿನಿಂದ ಎಣಿಸಿದಳು. ಎಡಗಡೆ. ಬಲಗಡೆ. ತುಂಡಾದದ್ದು. ತಿರುಗಿಸಿ ಕೂರಿಸಬಹುದಾದದ್ದು...

ಲೆಕ್ಕ ಸರಿಯಿತ್ತು. ಮತ್ತೊಮ್ಮೆ ಎಣಿಸಿದಳು. ಆಗಲೂ ಸರಿಯಿತ್ತು.

'ಅವನು ಏನೇ ಇರಲಿ... ಇದು ನನ್ನ ಲೆಕ್ಕ. ನಾನು ಇದನ್ನು ನಂಬುತ್ತೇನೆ.'

ಅವಳು ಕಾರ್ಖಾನೆಗೆ ಫೋನು ಮಾಡಲಿಲ್ಲ. ಮನೆಗೆ ಹೋಗಿ ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡಳು.

*

ಹೆಂಚು ಬಂತು. ಕೆಲಸ ಶುರುವಾಯಿತು. ಅವಳು ಆ ಕಡೆ ಸುಳಿಯಲಿಲ್ಲ. ಅವನೂ ಮೊಳೆಗೆ ಬರಲಿಲ್ಲ. ಅಂಗಡಿಯಲ್ಲಿ ಯಾರು ಏನು ಕೇಳಿದರೂ ಅವಳು ಬೇರೆ ಏನನ್ನೋ ತೆಗೆದುಕೊಡುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ಟೀಚರಮ್ಮನ ಫೋನು ಬಂತು. "ಬೇಗ ಬಾರಮ್ಮ. ಅಪ್ಪನ್ನೂ ಕರ್ಕೊಂಡು ಬಾ." ಅಷ್ಟೇ ಹೇಳಿ ಇಟ್ಟುಬಿಟ್ಟರು!

ಆಟೋದಲ್ಲಿ ದಾರಿಯುದ್ದಕ್ಕೂ ಅವಳು ಉಗುರು ಕಚ್ಚಿದಳು. ಇಳಿದವಳಿಗೆ ತಲೆ ಎತ್ತಲು ಧೈರ್ಯವಾಗಲಿಲ್ಲ. ಅಪ್ಪ ಎತ್ತಿದರು.

"ಪುಟ್ಟೀ... ನೋಡೇ."

ಅವಳು ನೋಡಿದಳು. ಇಡೀ ಛಾವಣಿ ಒಂದೇ ಬಣ್ಣ! ಮೂಲೆಯ ಗೆರೆ ಬೈತಲೆ ತೆಗೆದಷ್ಟು ನೇರ. ಗೋಡೆಯ ಪಕ್ಕ, ಮುಂದೆ ಯಾವಾಗಲಾದರೂ ಒಡೆದರೆ ಇರಲಿ ಎಂದು, ಒಂದು ತೋಳಿಗೆ ಸಿಗುವಷ್ಟೇ ಹೆಂಚು ಮಿಕ್ಕಿತ್ತು.

ಅಪ್ಪ ಜೇಬಿನಿಂದ ತಮ್ಮ ಹಳೆಯ ಟೇಪು ತೆಗೆದು ಅವಳ ಅಂಗೈಯಲ್ಲಿಟ್ಟರು. "ಇನ್ಮೇಲೆ ನಾನು ಲೆಕ್ಕ ಕೇಳಲ್ಲ. ನಿಂದು ಇದು," ಎಂದರು.

ಅವಳಿಗೆ ಕುಣಿಯಬೇಕೆನಿಸಿತು, ಅಳಬೇಕೆನಿಸಿತು. ಮತ್ತು ಯಾರಿಗೋ ಹೇಳಬೇಕೆನಿಸಿತು... ಕಣ್ಣು ಏಣಿಯ ಕಡೆ, ನೆತ್ತಿಯ ಕಡೆ, ಹಿತ್ತಲ ಕಡೆ ಹುಡುಕಿತು.

"ಇಲ್ಲ ಕಣೆ, ಹೊರಟುಹೋದ," ಎಂದರು ಟೀಚರಮ್ಮ. "ನಿನ್ನ ಸಂತೋಷಕ್ಕೆ ತಾನು ಅಡ್ಡ ಬರಬಾರದಂತೆ. ಲೆಕ್ಕ ಪೂರ್ತಿ ನಿಂದೇ, ತಾನು ಬರೀ ಗೆರೆ ಎಳೆದದ್ದು ಅಂತ ನಿಮ್ಮಪ್ಪನಿಗೆ ಹೇಳೋಕೆ ಹೇಳಿದ್ದಾನೆ. ಅದೂ ಸೊಟ್ಟ ಗೆರೆ!"

ಅವಳು ಟೇಪನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಳು. ಪರೀಕ್ಷೆ ಮಾಡಲು ಬಂದವನು ಪಾಸಾದದ್ದನ್ನು ನೋಡದೆ ಹೋಗುತ್ತಾನೆಯೇ?

"ಅಪ್ಪಾ, ನೀವು ಆಟೋದಲ್ಲಿ ಹೋಗಿ. ನನಗೆ ಸ್ವಲ್ಪ ಕೆಲಸ ಇದೆ."

"ಎಲ್ಲಿ?" ಎಂದು ಕೇಳಲು ಹೊರಟ ಅಪ್ಪನನ್ನು ಟೀಚರಮ್ಮ ಕಣ್ಣಲ್ಲೇ ಗದರಿಸಿ ಸುಮ್ಮನಾಗಿಸಿದರು.

*

ಮಾರುಕಟ್ಟೆಯ ಹಿಂದಿನ ಬೀದಿಯ ತಿರುವಿನಲ್ಲಿ ಅವಳ ಕಾಲುಗಳು ತಾವಾಗಿಯೇ ನಿಂತವು. ಎದುರಿಗೆ, ಬಿಸಿಲಿಗೆ ಮುಖ ಮರೆಯಾಗುವಂತೆ ಸೆರಗು ಹೊದ್ದು, ಕೈಚೀಲ ಹಿಡಿದ ಅಮ್ಮನೊಬ್ಬರು ಗೋಡೆ ಸವರಿಕೊಂಡು ನಿಧಾನವಾಗಿ ನಡೆಯುತ್ತಿದ್ದರು. ಕಲ್ಲೊಂದು ಎಡವಿ ವಾಲಿದರು. ಅವಳು ಓಡಿ ಹಿಡಿದುಕೊಂಡಳು.

"ಏಟಾಯ್ತಾ ಅಮ್ಮಾ? ಮನೆ ಎಲ್ಲಿ, ಬಿಟ್ಟು ಬರ್ತೀನಿ."

"ನಂಗೆ ಕಣ್ಣು ಮಂಜು ಮಗಳೇ. ವರ್ಷದಿಂದ ವರ್ಷಕ್ಕೆ ಕಮ್ಮಿ ಆಗ್ತಿದೆ. ಈ ಬೀದಿ ಮನೆಗಳೆಲ್ಲ ಒಂದೇ ಥರ ಕಾಣುತ್ತೆ. ಆದ್ರೆ ನಮ್ಮನೆ ತಪ್ಪಲ್ಲ." ಅವರು ಬೀದಿಯ ಕೊನೆಗೆ ಕೈ ತೋರಿಸಿದರು. "ಅಗೋ, ಅಷ್ಟು ಕೆಂಪಿನ ಮಧ್ಯೆ ಒಂದು ಬಿಳೀದು ಕಾಣುತ್ತಲ್ಲ? ಅದೇ. ಅದನ್ನ ನೋಡ್ಕೊಂಡೇ ನಾನು ಮನೆ ಸೇರೋದು."

ಮೂರು ವರ್ಷದಿಂದ ಎದೆಯ ಮೇಲೆ ಹೊತ್ತಿದ್ದ ಆ ತೇಪೆ, ಬಿಸಿಲಲ್ಲಿ ತಣ್ಣಗೆ ಹೊಳೆಯುತ್ತಿತ್ತು.

"ಅಮ್ಮಾ... ಅವತ್ತು ನೀವು ಏನೂ ಅನ್ನದೆ ಒಳಗೆ ಹೋದ್ರಿ..."

ಅಮ್ಮ ತಲೆ ವಾಲಿಸಿದರು, ಅಂದಿನಂತೆಯೇ. "ಅರೆ! ದನಿ ಗುರುತು ಸಿಕ್ತು. ಹೆಂಚಿನಂಗಡಿ ಮಗು ಅಲ್ವಾ ನೀನು? ಅವತ್ತು ನಂಗೆ ಸರಿಯಾಗಿ ಕಂಡಿದ್ದೇ ಆ ಬಿಳೀ ಹೆಂಚು ಒಂದೇ. ಕಣ್ಣು ಹೋಗ್ತಿದೆ ಅಂತ ಯಾರಿಗೂ ಹೇಳಿರ್ಲಿಲ್ಲ. ನಿಂಗೇನು ಹೇಳ್ಲಿ? ಸುಮ್ನೆ ಒಳಗೆ ಹೋದೆ."

"ನನ್ನ ಮೇಲೆ ಕೋಪ..."

"ಕೋಪನಾ! ಮಗ ಬೇರೆ ಊರಿಂದ ಬಂದವನೇ ಈ ಹೆಂಚು ಬದಲಾಯಿಸ್ತೀನಿ ಅಂತ ಏಣಿ ಹಾಕಿದ್ದ. ಏಣಿ ಹಿಡ್ಕೊಂಡು ಕೂತೆ, ಮುಟ್ಟಿದ್ರೆ ನೋಡು ಅಂತ. ಅವತ್ತಿಂದ ಇದರ ಲೆಕ್ಕ ಹಾಕಿದ ಹುಡುಗಿ ಯಾರು, ಹೆಂಗಿದಾಳೆ ಅಂತ ಒಂದೇ ಸಮ ಕೇಳ್ತಿದ್ದ. ಈಗ ಸುಮಾರು ದಿನದಿಂದ ಅನ್ನನೂ ಸರಿಯಾಗಿ ತಿಂತಿಲ್ಲ. ನೀನೇ ಏನೋ ಅಂದಿರಬೇಕು."

ಅವಳು ಅಳುತ್ತಲೇ ನಕ್ಕಳು. ಅಮ್ಮನ ಕೈ ಹಿಡಿದು ಆ ಬೀದಿಯ ಕೊನೆಯವರೆಗೂ ನಡೆದಳು.

*

ಹಿತ್ತಲಿನಲ್ಲಿ ಏಣಿಯ ಮೇಲೆ ಅವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಸೂರಿನಿಂದ ಕೆಳಕ್ಕೆ ಟೇಪು ಬಿಟ್ಟು ಏನನ್ನೋ ಅಳೆಯುತ್ತಿದ್ದ. ಅವಳು ಸದ್ದಿಲ್ಲದೆ ಹೋಗಿ ಟೇಪಿನ ತುದಿ ಹಿಡಿದುಕೊಂಡಳು.

ಅವನು ಎಳೆದ. ಬರಲಿಲ್ಲ. ಮತ್ತೆ ಎಳೆದ.

"ಯಾರದು? ಬಿಡ್ರೀ!"

"ಬಿಟ್ರೆ ನೀವು ಆ ಕಡೆ ಬೀಳ್ತೀರ."

ಅವನು ಗಕ್ಕನೆ ತಿರುಗಿದ. ಏಣಿ ಅಲುಗಾಡಿತು. ಅವಳು ಇನ್ನೊಂದು ಕೈಯಲ್ಲಿ ಏಣಿಯನ್ನೂ ಹಿಡಿದಳು.

"ನೀವು... ಈ ಬೀದಿಗೆ..."

"ಬಂದೆ. ದೊಡ್ಡ ತಪ್ಪು ಲೆಕ್ಕ ಹಾಕ್ಬಿಟ್ಟಿದ್ದೆ. ಹೆಂಚಿಂದಲ್ಲ... ನಿಮ್ದು. ಕ್ಷಮಿಸಿ."

ಅವನು ಕೆಳಗಿಳಿದು ಬಂದ. ಇಬ್ಬರ ನಡುವೆ ಟೇಪು ಇನ್ನೂ ಹಾಗೆಯೇ ಇತ್ತು.

"ಮೊದಲ ದಿನವೇ ಹೇಳಬೇಕಿತ್ತು ನಾನು," ಎಂದ. "ನನಗೂ ಭಯ ಇತ್ತು ಕಣ್ರೀ."

"ಏನು ಅಳೀತಿದೀರಿ?" ಅವಳು ಕಣ್ಣೊರೆಸಿಕೊಂಡು ಕೇಳಿದಳು.

"ಒಂದು ಕೋಣೆ ಹೆಚ್ಚಿಗೆ ಹಾಕೋಣ ಅಂತ. ಮದುವೆ ಆದ್ರೆ ಬೇಕಾಗುತ್ತಲ್ಲ."

ಟೇಪು ಹಿಡಿದ ಅವಳ ಬೆರಳು ಸಡಿಲವಾಯಿತು. "ಮದುವೆ... ನಿಶ್ಚಯ ಆಯ್ತಾ?"

"ಹುಡುಗೀನ ಇನ್ನೂ ಕೇಳಿಲ್ಲ. ಕೋಪ ಮಾಡ್ಕೊಂಡಿದ್ಲು. ಈಗ ಕೇಳಬಹುದಾ?"

ಅವಳು ತಲೆ ತಗ್ಗಿಸಿದಳು. ಆಮೇಲೆ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಲೆ ಎತ್ತಿದಳು. "ಆ ಕೋಣೆ ಹೆಂಚಿನ ಅಂದಾಜು ನಾನೇ ಹಾಕ್ತೀನಿ. ಬೇರೆ ಯಾರೂ ಹಾಕಬಾರದು."

ಅವನ ಮುಖವೆಲ್ಲ ನಗುವಾಯಿತು. "ಹೊಸ ಹೆಂಚು ಅಲ್ವಾ, ಬಣ್ಣ ಬೇರೆ ಬರುತ್ತೆ."

ಒಳಗಿನಿಂದ ಅಮ್ಮನ ದನಿ ಬಂತು. "ಬರ್ಲಿ ಬಿಡೋ! ನಂಗೆ ಎರಡು ಗುರುತಾಗುತ್ತೆ!"

ಇಬ್ಬರೂ ಬೆಚ್ಚಿ, ಆಮೇಲೆ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಅವನು ಅವಳ ಹತ್ತಿರ ಬಗ್ಗಿದ. ಅಷ್ಟೆತ್ತರದಿಂದ ಬಗ್ಗುವುದಕ್ಕೆ ಅವನಿಗೆ ತುಸು ಹೊತ್ತೇ ಹಿಡಿಯಿತು.

"ಹೊದಿಸೋದಕ್ಕೆ ಇಷ್ಟು, ಒಡೆಯೋದಕ್ಕೆ ಇಷ್ಟು... ಭಯಕ್ಕೆ ಎಷ್ಟು ಸೇರಿಸ್ತೀಯ?"

ಅವನ ಬಾಯಲ್ಲಿ ಮೊದಲ ಸಲ ಏಕವಚನ ಕೇಳಿ ಅವಳ ಕಣ್ಣು ಮತ್ತೆ ತುಂಬಿತು.

"ಒಡೆಯೋದಕ್ಕೆ ಸ್ವಲ್ಪ ಇರ್ಲಿ," ಎಂದಳು. "ಭಯಕ್ಕೆ ಏನೂ ಬೇಡ. ಆ ತುದಿ ಹಿಡ್ಕೊಳ್ಳೋಕೆ ನೀನಿದೀಯಲ್ಲ."